ಹನ್ನೊಂದನೇ ನಂಬರಿನ ಜ್ವರ

ಜನವರಿ 9

ಹನ್ನೊಂದನೇ ನಂಬರಿನವರಿಗೆ,

ನಮಸ್ಕಾರ.

ಆಸ್ಪತ್ರೆಯ ಮುದ್ರೆಯಿರುವ ಹದಿನೆಂಟು ಲಕೋಟೆಗಳು ನಿಮಗೆ ಬಂದಿವೆ. ಒಂದಕ್ಕೂ ನೀವು ಉತ್ತರ ಬರೆದಿಲ್ಲ. ಅದಕ್ಕೇ ಇದರ ಮೇಲೆ ಮುದ್ರೆ ಒತ್ತದೆ ಕೈಯಲ್ಲೇ ವಿಳಾಸ ಬರೆದಿದ್ದೇನೆ. ಯಾರೋ ಬೇಕಾದವರ ಪತ್ರ ಎಂದು ನೀವು ಒಡೆದಿರಬಹುದು. ಮೋಸ ಮುಂದುವರಿಸಲು ಇಷ್ಟವಿಲ್ಲ, ಈಗಲೇ ಹೇಳಿಬಿಡುತ್ತೇನೆ: ಇದೂ ಆಸ್ಪತ್ರೆಯ ಪತ್ರವೇ.

ಹತ್ತೊಂಬತ್ತು ವರ್ಷದ ಹಿಂದೆ ಇಲ್ಲಿ ಹನ್ನೆರಡು ಜನ ಕ್ಯಾನ್ಸರ್ ರೋಗಿಗಳಿಗೆ ಒಂದು ಹೊಸ ಔಷಧ ಕೊಟ್ಟು ನೋಡಿದರು. ರೋಗ ತರುವ ಶಕ್ತಿ ತೆಗೆದ ವೈರಸ್ಸಿನೊಳಗೆ ಒಂದು ಜೀನ್ ತುಂಬಿ ರಕ್ತಕ್ಕೆ ಬಿಡುವ ಔಷಧ. ಆ ಹನ್ನೆರಡರಲ್ಲಿ ನೀವು ಹನ್ನೊಂದನೆಯವರು. ಹಾಗೆ ಒಳಗೆ ಹೋದ ಜೀನ್ ಹತ್ತು ಹದಿನೈದು ವರ್ಷವಾದ ಮೇಲೆ ಬೇರೇನಾದರೂ ತೊಂದರೆ ಕೊಡುತ್ತದೆಯೇ ಎಂದು ತಿಳಿಯಲು ವರ್ಷಕ್ಕೊಂದು ಪತ್ರ ಕಳಿಸುವ ಪದ್ಧತಿ ಇದೆ. ಏಳು ಜನ ತೀರಿಕೊಂಡಿದ್ದಾರೆ. ನಾಲ್ವರು ತಪ್ಪದೆ ಉತ್ತರ ಬರೆಯುತ್ತಾರೆ. ನಿಮ್ಮ ಸಾಲಿನಲ್ಲಿ ಮಾತ್ರ ಹದಿನೆಂಟು ಸಲ 'ಸಂಪರ್ಕ ತಪ್ಪಿದೆ' ಎಂದಿದೆ. ವಿಳಾಸ ಸರಿಯಿದೆ, ಪತ್ರ ವಾಪಸ್ಸೂ ಬರುವುದಿಲ್ಲ. ಅಂದರೆ ಸಂಪರ್ಕ ತಪ್ಪಿಲ್ಲ, ನೀವು ತಪ್ಪಿಸುತ್ತಿದ್ದೀರಿ.

ನಾನು ಡಾಕ್ಟರಲ್ಲ, ನರ್ಸಲ್ಲ. ವಯಸ್ಸು ಇಪ್ಪತ್ತು. ಹತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಇನ್‌ಸ್ಪೆಕ್ಟರ್ ಬರುವ ದಿನ ಎಲ್ಲರೂ 'ನನ್ನ ಶಾಲೆ ನನಗೆ ಏಕೆ ಇಷ್ಟ' ಎಂದು ಬರೆಯಬೇಕಿತ್ತು, ನಾನು ಇಷ್ಟವಿಲ್ಲ ಎಂದು ಬರೆದೆ. ಕ್ಷಮಾಪಣೆ ಕೇಳು ಎಂದರು, ಕೇಳಲಿಲ್ಲ, ಆಮೇಲೆ ಹೋಗಲೂ ಇಲ್ಲ. ಇದು ಪೂರ್ತಿ ನಿಜವಲ್ಲ. ಲೆಕ್ಕದಲ್ಲಿ ಹೇಗೂ ಫೇಲಾಗುವವಳಿದ್ದೆ. ಅಲ್ಲಿಂದ ಜೆರಾಕ್ಸ್ ಅಂಗಡಿ, ಔಷಧಿ ಅಂಗಡಿ, ಚಪ್ಪಲಿ ಗೋಡೌನು ಎಲ್ಲ ಆಯಿತು. ಈ ಟೇಬಲ್ಲಿಗೆ ಬಂದಿದ್ದು ಹೀಗೆ: ಬೇರೆ ಕೆಲಸಕ್ಕೆ ಆಸ್ಪತ್ರೆಗೆ ಬಂದಿದ್ದಾಗ ಈ ಆಫೀಸಿನ ಹಿರಿಯಕ್ಕನ ಮೇಜಿನ ಮೇಲೆ ನಿಮಗೆಲ್ಲ ಹೋಗುವ ಪತ್ರ ಬಿದ್ದಿತ್ತು, ಓದಿದೆ, "ಇದು ಮನುಷ್ಯರಿಗೆ ಬರೆದದ್ದಾ?" ಎಂದೆ. "ಹಾಗಾದ್ರೆ ನೀನೇ ಬರಿ" ಎಂದರು. ಬರೆದೆ. ಅವರಿಗೆ ಇಷ್ಟವಾಯಿತು.

ಜೊತೆಗೆ ಫಾರಂ ಇದೆ. ಆರೋಗ್ಯ ಹೇಗಿದೆ, ಹೊಸ ಕಾಯಿಲೆ ಏನಾದರೂ ಬಂತೇ, ಇವತ್ತು ಜ್ವರ ಎಷ್ಟಿದೆ, ನೀವು ಸಿಗದಿದ್ದರೆ ಯಾರನ್ನು ಕೇಳಬೇಕು. ನಾಲ್ಕೇ ಪ್ರಶ್ನೆ.

ಇಂತಿ,
ಫಾಲೋಅಪ್ ಟೇಬಲ್, ಎರಡನೇ ಮಹಡಿ


ಜನವರಿ 27

ಆಸ್ಪತ್ರೆಗೆ,

ಬದುಕಿದ್ದೇನೆ. ಹೊಸ ಕಾಯಿಲೆ ಇಲ್ಲ. ನಾನು ಸಿಗದಿದ್ದರೆ ಕೇಳಲು ಯಾರೂ ಇಲ್ಲ. ವಾಚ್‌ಮನ್ ಹೆಸರು ಬರೆಯೋಣವೆಂದರೆ ಅವನು ಆರು ತಿಂಗಳಿಗೊಮ್ಮೆ ಬದಲಾಗುತ್ತಾನೆ.

ಇನ್ನು ಬರೆಯಬೇಡಿ.

ಹನ್ನೊಂದು


ಫೆಬ್ರವರಿ 3

ಹನ್ನೊಂದನೇ ನಂಬರಿನವರಿಗೆ,

ನಮಸ್ಕಾರ. ಬರೆಯಬೇಡಿ ಎಂದಿರಿ, ಬರೆಯುತ್ತಿದ್ದೇನೆ. ಇದರ ನಂತರ ನೀವು ಸುಮ್ಮನಿದ್ದರೆ ನಾನೂ ಸುಮ್ಮನಾಗುತ್ತೇನೆ.

ಜ್ವರದ ಪ್ರಶ್ನೆಯ ಮುಂದೆ ಮಾತ್ರ ಏನೂ ಬರೆದಿಲ್ಲ. ಮರೆತಿದ್ದರೆ ಖಾನೆ ಬರಿದಾಗಿರುತ್ತಿತ್ತು. ನೀವು ಏನೋ ಬರೆದು, ಪೆನ್ನಿನಿಂದ ಕಾಗದ ಹರಿಯುವಷ್ಟು ಗೀಚಿ ಅಳಿಸಿದ್ದೀರಿ. ಯಾಕೆ?

ಕುತೂಹಲಕ್ಕೆ ಕೇಳುತ್ತಿಲ್ಲ. ಈಗ ಇಲ್ಲಿ ಹೊಸ ಟ್ರಯಲ್ ಶುರುವಾಗಿದೆ. ರೋಗಿಯ ರಕ್ತದಿಂದಲೇ ಬಿಳಿ ಕಣಗಳನ್ನು ತೆಗೆದು, ಹಳೆಯ ಥರದ್ದೇ ಖಾಲಿ ವೈರಸ್ಸಿನ ಮೂಲಕ ಅವಕ್ಕೆ ಹೊಸ ಜೀನ್ ಸೇರಿಸಿ, ಕ್ಯಾನ್ಸರಿನ ಗುರುತು ಹಿಡಿಯಲು ಕಲಿಸಿ, ಬೆಳೆಸಿ, ಮತ್ತೆ ಅದೇ ರೋಗಿಯ ಮೈಯೊಳಗೆ ಬಿಡುತ್ತಾರೆ. ಒಬ್ಬರಿಗೆ ಕೊಟ್ಟು, ಅವರು ಹೇಗಿದ್ದಾರೆ ನೋಡಿ, ಆಮೇಲೆ ಇನ್ನೊಬ್ಬರಿಗೆ. ಅದಕ್ಕೇ ದೊಡ್ಡ ಡಾಕ್ಟರಮ್ಮ ಹಳೆಯ ಹನ್ನೆರಡು ಜನರ ಒಂದೊಂದು ದಿನವನ್ನೂ ಮತ್ತೆ ಓದುತ್ತಿದ್ದಾರೆ. ಹನ್ನೆರಡನೆಯವರು ತೀರಿಕೊಂಡ ಮೇಲೆ ಆ ಪ್ರಯೋಗವೇ ನಿಂತಿತು. ಅವರಿಗೆ ಹಾಗೇಕಾಯಿತು ಎಂದು ಈವರೆಗೆ ಯಾರಿಗೂ ತಿಳಿದಿಲ್ಲ. ಅವರಿಗಿಂತ ಮುಂಚೆ ಔಷಧ ತೆಗೆದುಕೊಂಡವರು ನೀವು. ನಿಮ್ಮ ಚಾರ್ಟಿನಲ್ಲಿ ಎಲ್ಲ ದಿನವೂ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಒಂದು ಗೆರೆ ಎಳೆದ ಹಾಗೆ.

ಇನ್ನೊಂದು ವಿಷಯ ಮುಚ್ಚಿಡಬಾರದು. ಹೊಸ ಟ್ರಯಲ್ಲಿನ ಮೂರನೇ ನಂಬರು ನನ್ನ ಅಮ್ಮ. ಆಫೀಸಿನವರಿಗೆ ಗೊತ್ತು, ಅದಕ್ಕೇ ಹೊಸ ಫೈಲುಗಳನ್ನು ನನ್ನ ಕೈಗೆ ಕೊಡುವುದಿಲ್ಲ. ಅಮ್ಮ ದೊಡ್ಡ ಹೋಟೆಲ್ಲಿನ ಲಾಂಡ್ರಿಯಲ್ಲಿ ಮೂವತ್ತು ವರ್ಷ ಇಸ್ತ್ರಿ ಮಾಡಿದವಳು. ಎರಡು ವರ್ಷದಿಂದ ರಕ್ತದ ಕ್ಯಾನ್ಸರು. ಬೇರೆ ಔಷಧಗಳೆಲ್ಲ ಮುಗಿದಿವೆ. ಅವಳ ಕಣಗಳು ತಯಾರಾಗಿ, ಅಂಗೈಯಗಲದ ಚೀಲದಲ್ಲಿ, ನೆಲಮಾಳಿಗೆಯ ಉಕ್ಕಿನ ಡ್ರಮ್ಮಿನೊಳಗೆ ಹೆಪ್ಪುಗಟ್ಟಿ ಕೂತಿವೆ. "ನನ್ನ ರಕ್ತ ಅಲ್ಲಿ ತಣ್ಣಗೆ ಕೂತಿದೆ, ನಾನಿಲ್ಲಿ ಬೆವರ್ತಾ ಇದೀನಿ" ಎನ್ನುತ್ತಾಳೆ. ಮಾರ್ಚ್ ಹನ್ನೆರಡಕ್ಕೆ ಅವಳ ಸರದಿ. ಅವಳನ್ನು ಬಿಟ್ಟರೆ ನನಗೆ ಬೇರೆ ಯಾರೂ ಇಲ್ಲ.

ನಿಮಗೆ ಏನಾದರೂ ಗೊತ್ತಿದ್ದರೆ ಬರೆಯಿರಿ.

ಇಂತಿ,
ಫಾಲೋಅಪ್ ಟೇಬಲ್


ಫೆಬ್ರವರಿ 24

ಟೇಬಲ್ಲಿನ ಹುಡುಗಿಗೆ,

ನಿನ್ನ ಪತ್ರವನ್ನು ಮೂರು ವಾರ ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಿದ್ದೆ. ದಿನಾ ಗಡ್ಡ ಕೆರೆಯುವಾಗ ತುದಿ ಕಾಣುತ್ತಿತ್ತು.

ನಾನು ಲಿಫ್ಟ್ ಮೇಸ್ತ್ರಿ. ಈಗ ಕೆಲಸ ಬಿಟ್ಟಿದ್ದೇನೆ. ಹೊಸ ಲಿಫ್ಟ್ ಕೂಡಿಸಿದ ಮೇಲೆ ಜನರನ್ನು ಹತ್ತಿಸುವ ಮುಂಚೆ ತೂಕ ಹಾಕಿ ನೋಡುತ್ತೇವೆ. ಮೊದಲು ಖಾಲಿ, ಆಮೇಲೆ ಕಾಲು ಭಾಗ, ಅರ್ಧ, ಪೂರ್ತಿ, ಕೊನೆಗೆ ಪೂರ್ತಿಗಿಂತ ಸ್ವಲ್ಪ ಜಾಸ್ತಿ. ಒಂದೊಂದು ಸಲವೂ ಬ್ರೇಕ್ ಎಲ್ಲಿ ಹಿಡಿಯಿತು ಎಂದು ಪುಸ್ತಕದಲ್ಲಿ ಬರೆಯಬೇಕು. ಎರಡು ಬೆರಳು ಜಾರಿದ್ದರೂ ಮುಂದಿನ ತೂಕ ಹಾಕುವ ಹಾಗಿಲ್ಲ. ಸುಳ್ಳು ಬರೆದ ಒಬ್ಬ ಸಹಾಯಕನ ಕಪಾಳಕ್ಕೆ ಹೊಡೆದು ಕೆಲಸದಿಂದ ಕಳಿಸಿದವನು ನಾನು.

ನಿಮ್ಮ ಔಷಧವನ್ನೂ ಹಾಗೆಯೇ ಏರಿಸುತ್ತಿದ್ದರು. ಒಂಬತ್ತು, ಹತ್ತು, ಹನ್ನೊಂದು ಮೂವರಿಗೂ ಒಂದೇ ಅಳತೆ. ಮೂವರೂ ಜ್ವರವಿಲ್ಲದೆ ದಾಟಿದರೆ ಹನ್ನೆರಡಕ್ಕೆ ಮೂರು ಪಟ್ಟು. ಇದನ್ನು ನನಗೆ ಬಿಡಿಸಿ ಹೇಳಿದ್ದರು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಇನ್ನೊಂದು ನಿಯಮವೂ ಇತ್ತು: ನೂರೊಂದು ದಾಟಿ ಜ್ವರ ಬಂದವರಿಗೆ ಎರಡನೇ ಡೋಸ್ ಇಲ್ಲ, ಮನೆಗೆ. ನನ್ನ ಶ್ವಾಸಕೋಶದಲ್ಲಿ ನಿಂಬೆಗಾತ್ರದ ಗೆಡ್ಡೆ. ಆ ಎರಡನೇ ಡೋಸಿನ ಮೇಲೆ ಜೀವ ಇಟ್ಟುಕೊಂಡು ಕೂತಿದ್ದೆ.

ಮೂರನೇ ದಿನ ಚಳಿ ಹತ್ತಿತು. ಹಾಸಿಗೆಯ ಪಕ್ಕದಲ್ಲಿ ಒಂದು ಬಟ್ಟಲು ಐಸ್ ಇರುತ್ತಿತ್ತು, ಬಾಯಿ ಹುಣ್ಣಿಗೆ ಚೀಪಲು. ನರ್ಸಮ್ಮನ ಎಡಗಾಲಿನ ಚಪ್ಪಲಿ ಕಿರುಗುಟ್ಟುತ್ತಿತ್ತು. ಅದು ಕಾರಿಡಾರಿನ ಆ ತುದಿಯಲ್ಲಿ ಕೇಳಿದ ತಕ್ಷಣ ಐಸನ್ನು ನಾಲಿಗೆಯ ಕೆಳಗಿಟ್ಟುಕೊಳ್ಳುತ್ತಿದ್ದೆ. ನಮ್ಮ ಹಾಸಿಗೆಗೆ ಬರುವಷ್ಟರಲ್ಲಿ ನುಂಗಿ, ಬಾಯಿ ತೆರೆಯುತ್ತಿದ್ದೆ. ನಾಲ್ಕು ದಿನ ಹೀಗೆ ಮಾಡಿದೆ. ಅವರು ಸರಿಯಾಗಿಯೇ ನೋಡಿದರು, ಜ್ವರದ ಕಡ್ಡಿ ಸರಿಯಾಗಿಯೇ ತೋರಿಸಿತು. ಸುಳ್ಳು ಇದ್ದದ್ದು ನನ್ನ ಬಾಯಲ್ಲಿ.

ಹನ್ನೆರಡನೆಯವರ ಹಾಸಿಗೆ ಪರದೆಯ ಆ ಕಡೆ. ಮಕ್ಕಳಿಗೆ ಈಜು ಕಲಿಸುತ್ತಿದ್ದ ಹೆಂಗಸು. ಔಷಧ ಏರಿಸುವ ಹಿಂದಿನ ಸಂಜೆ ಪರದೆ ಸರಿಸಿ, "ಏನಣ್ಣಾ, ಹೇಗಿತ್ತು?" ಎಂದು ಕೇಳಿದರು. "ಏನೂ ಇಲ್ಲಮ್ಮ, ಸೊಳ್ಳೆ ಕಚ್ಚಿದ ಹಾಗೆ" ಎಂದೆ. ಅವರು ನಕ್ಕರು. ಐದನೇ ದಿನ ಹೋಗಿಬಿಟ್ಟರು.

ಪ್ರಯೋಗ ನಿಂತಿತು. ಎರಡನೇ ಡೋಸ್ ನನಗೂ ಸಿಗಲಿಲ್ಲ. ಗೆಡ್ಡೆ ಮಾತ್ರ ಕರಗುತ್ತಾ ಬಂತು, ಉಳಿದದ್ದನ್ನು ಬೇರೆ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ಬದುಕಿಬಿಟ್ಟೆ. ಹೆಂಡತಿಗೂ ಇದನ್ನು ಹೇಳಲಿಲ್ಲ. ಅವಳು ಹೋಗಿ ಆರು ವರ್ಷ. ಹೇಳಿದ್ದರೆ ಬೈಯುತ್ತಿದ್ದಳು. ಬೈಸಿಕೊಳ್ಳಬೇಕಿತ್ತು.

ಇದನ್ನು ಹರಿದು ಹಾಕುತ್ತೀಯೋ, ಡಾಕ್ಟರಿಗೆ ಕೊಡುತ್ತೀಯೋ, ನಿನಗೆ ಬಿಟ್ಟದ್ದು. ನಿನ್ನ ತಾಯಿಯ ಸರದಿ ಮಾರ್ಚ್ ಹನ್ನೆರಡಕ್ಕೆ ಎಂದು ಬರೆದಿದ್ದೀಯ. ಯೋಚನೆ ಮಾಡು.

ಹನ್ನೊಂದು


ಮಾರ್ಚ್ 3

ಮೇಸ್ತ್ರಿಗಳಿಗೆ,

ನಮಸ್ಕಾರ. ಯೋಚನೆ ಮಾಡಲಿಲ್ಲ. ಮಾಡಿದ್ದರೆ ಕೊಡುತ್ತಿರಲಿಲ್ಲ. ಬೆಳಿಗ್ಗೆ ಓದಿ, ಎರಡು ಮಹಡಿ ಹತ್ತಿ ಡಾಕ್ಟರಮ್ಮನ ಕೈಗೆ ಕೊಟ್ಟೆ.

ಅವರು ನಿಂತುಕೊಂಡೇ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಇನ್ನೊಮ್ಮೆ ಓದಿದರು. ಆಗ ಅವರು ಇಲ್ಲಿ ಹೊಸದಾಗಿ ಸೇರಿದ ಚಿಕ್ಕ ಡಾಕ್ಟರಂತೆ. ಹನ್ನೆರಡನೆಯವರ ಅಳತೆಯನ್ನು ಲೆಕ್ಕ ಹಾಕಿದ್ದು ಅವರೇ. "ಹತ್ತೊಂಬತ್ತು ವರ್ಷದಿಂದ ಅದೇ ಲೆಕ್ಕವನ್ನ ಮತ್ತೆ ಮತ್ತೆ ಮಾಡಿದೀನಿ. ತಪ್ಪು ಸಿಗಲೇ ಇಲ್ಲ" ಎಂದರು. ನಿಮ್ಮ ಮೇಲೆ ಸಿಟ್ಟು ಮಾಡಲಿಲ್ಲ. ಹೊಸ ಟ್ರಯಲ್ಲಿನ ನಿಯಮಗಳ ಪುಸ್ತಕ ತೆಗೆದು, ಒಂದು ಪುಟ ಹುಡುಕಿ, ನನ್ನ ಮುಂದೆ ಇಟ್ಟರು. ಜ್ವರ ನೂರೊಂದು ದಾಟಿದವರಿಗೆ ಮುಂದಿನ ಡೋಸ್ ಇಲ್ಲ. ಅದೇ ಸಾಲು. ಹಳೆಯದರಿಂದ ಹಾಗೇ ನಕಲು ಮಾಡಿಕೊಂಡಿದ್ದರು.

"ಸುಳ್ಳು ಹೇಳಿ ಅಂತ ನಾವೇ ಬರೆದುಕೊಟ್ಟಿದ್ದೆವು" ಎಂದರು.

ಟ್ರಯಲ್ ನಿಲ್ಲಿಸಿದ್ದಾರೆ. ಸಮಿತಿ ಕೂತು ಎಲ್ಲವನ್ನೂ ಮತ್ತೆ ನೋಡಬೇಕಂತೆ. ಎಷ್ಟು ದಿನ ಎಂದು ಕೇಳಿದೆ. ಹೇಳಲಾಗದು ಎಂದರು.

ಅಮ್ಮನಿಗೆ ಸಂಜೆ ಹೇಳಿದೆ.

"ಯಾಕೆ ಕೊಟ್ಟೆ?"

"ಡಾಕ್ಟರಿಗೆ ಬೇಕಾಗಿತ್ತು."

"ಅವರು ಕೇಳಿದ್ರಾ?"

"ಇಲ್ಲ."

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಶಾಲೆ ಬಿಟ್ಟಾಗಲೂ ಹೀಗೆಯೇ ಮಾಡಿದ್ದಳು.

ಇಂತಿ,
ಫಾಲೋಅಪ್ ಟೇಬಲ್


ಮಾರ್ಚ್ 29

ಮೇಸ್ತ್ರಿಗಳಿಗೆ,

ಹನ್ನೆರಡನೇ ತಾರೀಕು ಬಂತು, ಹೋಯಿತು. ಅಮ್ಮನಿಗೆ ಈಗ ಬಾತ್‌ರೂಮಿಗೆ ಹೋಗಲೂ ನನ್ನ ಭುಜ ಬೇಕು. ಒಸಡಿನಿಂದ ರಕ್ತ ನಿಲ್ಲುತ್ತಿಲ್ಲ. ಸಮಿತಿಯವರಲ್ಲಿ ಒಬ್ಬರಿಗೆ ಅನುಮಾನವಂತೆ: ಹತ್ತೊಂಬತ್ತು ವರ್ಷವಾದ ಮೇಲೆ ಒಬ್ಬ ಮನುಷ್ಯ ನೆನಪಿನಿಂದ ಬರೆದದ್ದನ್ನು ಹೇಗೆ ನಂಬುವುದು? ನಂಬದೆ ಬಿಡುವುದಾದರೂ ಹೇಗೆ? ಎರಡೂ ತೀರ್ಮಾನವಾಗದೆ ಕೂತಿದ್ದಾರೆ.

ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಇದನ್ನು ಹತ್ತು ವರ್ಷದ ಹಿಂದೆ ಬರೆದಿದ್ದರೆ ಎಲ್ಲ ಆಗಲೇ ಸರಿಯಾಗಿರುತ್ತಿತ್ತು. ನೀವು ನಿಮ್ಮ ಮನಸ್ಸು ಹಗುರ ಮಾಡಿಕೊಂಡಿರಿ, ಆ ಭಾರ ಬಂದು ನನ್ನ ಅಮ್ಮನ ಮೇಲೆ ಕೂತಿದೆ. ನನ್ನ ಮೇಲೂ ಸಿಟ್ಟಿದೆ. ಆ ಪತ್ರವನ್ನು ಹತ್ತು ದಿನ ಡ್ರಾಯರಿನಲ್ಲಿಟ್ಟು, ಅಮ್ಮನಿಗೆ ಔಷಧ ಏರಿಸಿದ ಮೇಲೆ ಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೀವು ಐಸ್ ಚೀಪಿದ್ದೂ ಹೀಗೆಯೇ ಎಂದು ಆಮೇಲೆ ಹೊಳೆಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಅಮ್ಮ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾಳೆ. ನೀರು. ದಿಂಬು. ಕಿಟಕಿ.

ಫಾಲೋಅಪ್ ಟೇಬಲ್


ಏಪ್ರಿಲ್ 4

ಹುಡುಗಿ,

ಪಾರ್ಸೆಲ್ಲಿನಲ್ಲಿ ಒಂದು ಸಣ್ಣ ಪುಸ್ತಕ ಇದೆ. ಎಣ್ಣೆ ಕಲೆ ಇದೆ, ನೋಡಿ ಮುಟ್ಟು. ಲಿಫ್ಟಿನ ಪರೀಕ್ಷೆ ಬರೆಯುವ ನನ್ನ ಜೇಬಿನ ಪುಸ್ತಕ. ಹಿಂದಿನಿಂದ ತಿರುವು.

ಹೆಂಡತಿ ನನ್ನ ಚೀಲದಲ್ಲಿ ಮನೆಯ ಜ್ವರದ ಕಡ್ಡಿ ಇಟ್ಟಿದ್ದಳು. ನರ್ಸಮ್ಮ ಹೋದ ಮೇಲೆ ಬಾಯಿ ಬಿಸಿಯಾಗುವವರೆಗೆ ಕಾದು, ಕಂಬಳಿಯೊಳಗೆ ನಾನೇ ನೋಡಿಕೊಳ್ಳುತ್ತಿದ್ದೆ. ತಾರೀಕು, ಗಂಟೆ, ಎಷ್ಟು, ಎಲ್ಲ ಇದೆ. ನೂರೆರಡು, ನೂರ ಮೂರು ಪಾಯಿಂಟ್ ಒಂದು, ಹಾಗೆ. ನಡುಗುವ ಕೈಯಲ್ಲಿ ಬರೆದದ್ದು, ಅಕ್ಷರ ಸೊಟ್ಟಗಿವೆ. ನರ್ಸಿಗೆ ಸುಳ್ಳು ಹೇಳಿದೆ. ಪುಸ್ತಕಕ್ಕೆ ಹೇಳಲಾಗಲಿಲ್ಲ, ಕೈಗೆ ಅಭ್ಯಾಸವಿರಲಿಲ್ಲ.

ಮೊದಲೇ ಯಾಕೆ ಕಳಿಸಲಿಲ್ಲ ಎಂದು ಕೇಳುತ್ತೀಯ. ಪತ್ರದಲ್ಲಿದ್ದದ್ದು ಮಾತು, ಆಮೇಲೆ ಹಾಗಲ್ಲ ಎನ್ನಬಹುದು. ಇದನ್ನು ಹಾಗೆ ಅಲ್ಲಗಳೆಯಲಾಗದು.

ನಿನ್ನ ಸಿಟ್ಟು ಸರಿಯಾಗಿದೆ. ಇಟ್ಟುಕೋ.

ಹನ್ನೊಂದು


ಏಪ್ರಿಲ್ 21

ಮೇಸ್ತ್ರಿಗಳಿಗೆ,

ಪುಸ್ತಕ ಸಮಿತಿಯ ಮೇಜಿನ ಮೇಲಿದ್ದ ದಿನವೇ ತೀರ್ಮಾನವಾಯಿತು. ನಿಮ್ಮ ಜ್ವರ ಶುರುವಾದ ಗಂಟೆ, ಹನ್ನೆರಡನೆಯವರ ಜ್ವರ ಶುರುವಾದ ಗಂಟೆ, ಎರಡೂ ಮೂರನೇ ದಿನದ ಮಧ್ಯಾಹ್ನ. ದೇಹವೇ ಔಷಧದ ಮೇಲೆ ಏರಿ ಹೋಗಿ, ಅಲ್ಲಿ ನಿಲ್ಲದೆ ತನ್ನ ಮೇಲೇ ತಿರುಗಿತ್ತು. ನಿಮಗೆ ಸ್ವಲ್ಪ, ಅವರಿಗೆ ಮೂರು ಪಟ್ಟು.

ನಿಯಮದ ಆ ಸಾಲು ಹೊಡೆದು ಹಾಕಿದರು. ಜ್ವರ ಬಂದಿತೆಂದು ಯಾರನ್ನೂ ಹೊರಗೆ ಕಳಿಸುವುದಿಲ್ಲ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ತಿಂಗಳು ಬಿಡುವು. ಅಳತೆ ಮೂರು ಪಟ್ಟು ಏರುವುದಿಲ್ಲ. ಜ್ವರ ಮಿತಿಮೀರಿದರೆ ತಗ್ಗಿಸುವ ಔಷಧ ಹಾಸಿಗೆಯ ಪಕ್ಕದಲ್ಲೇ ಇರುತ್ತದೆ. ಈ ಹೊಸ ಕಣಗಳು ಕೆಲಸ ಶುರುಮಾಡಿದಾಗಲೂ ಜ್ವರ ಬರಬಹುದಂತೆ. ಮುಚ್ಚಿಡುವುದಕ್ಕಲ್ಲ, ಕಾಯುವುದಕ್ಕೆ ಇರುವ ಜ್ವರ ಎಂದರು ಡಾಕ್ಟರಮ್ಮ.

ಅಮ್ಮನಿಗೆ ಏಪ್ರಿಲ್ ಇಪ್ಪತ್ಮೂರು. ಆರು ವಾರ ತಡ.

ಫಾಲೋಅಪ್ ಟೇಬಲ್


ಮೇ 30

ಮೇಸ್ತ್ರಿಗಳಿಗೆ,

ನಮಸ್ಕಾರ. ಬರೆಯಲು ಪುರುಸೊತ್ತಾಗಲಿಲ್ಲ, ಮನಸ್ಸೂ ಆಗಲಿಲ್ಲ.

ಚೀಲವನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಏರಿಸಿದರು. ಹತ್ತು ನಿಮಿಷದ ಕೆಲಸ. "ಇಷ್ಟಕ್ಕಾ ಇಷ್ಟು ರಂಪ?" ಎಂದಳು ಅಮ್ಮ. ಆ ದಿನದಿಂದ ಹದಿನಾಲ್ಕು ದಿನ, ಪ್ರತಿ ಬೆಳಿಗ್ಗೆ ಅವಳು ಒಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಬೇಕಿತ್ತು. ದಿನವೂ ಅದೇ ಸಾಲು. ಈ ಔಷಧ ಕೆಲವೊಮ್ಮೆ ತಲೆಯನ್ನು ಮಂಕು ಮಾಡುತ್ತದೆ, ಅದು ಮೊದಲು ಕಾಣುವುದು ಕೈಬರಹದಲ್ಲಿ. ಸಾಲು ಯಾವುದೆಂದು ಆರಿಸುವುದು ರೋಗಿಗೆ ಬಿಟ್ಟದ್ದು. ಅಮ್ಮ ಆರಿಸಿದ್ದು: 'ನನ್ನ ಮಗಳು ಶಾಲೆ ಬಿಟ್ಟಳು, ಅದಕ್ಕೆ ನನಗಿನ್ನೂ ಸಿಟ್ಟಿದೆ.' ನರ್ಸಮ್ಮ ನನ್ನ ಮುಖ ನೋಡಿದರು. ನಾನು ಕಿಟಕಿಯ ಚಿಲಕ ಸರಿಮಾಡುತ್ತಾ ನಿಂತೆ.

ನಾಲ್ಕನೇ ದಿನ ಮಧ್ಯಾಹ್ನ ಅವಳು ಬೆರಳನ್ನು ಲೋಟದ ನೀರಿನಲ್ಲಿ ಅದ್ದಿ ಕುತ್ತಿಗೆಗೆ ಒತ್ತಿ ನೋಡಿಕೊಂಡಳು, ಇಸ್ತ್ರಿಪೆಟ್ಟಿಗೆಗೆ ಮಾಡುವ ಹಾಗೆ. "ರೇಷ್ಮೆ ದಾಟಿ ಹತ್ತಿಗೆ ಬಂದಿದೆ. ನರ್ಸನ್ನ ಕರಿ" ಎಂದಳು. ಕಡ್ಡಿ ಇಟ್ಟರೆ ನೂರೆರಡು. ಅವಳಾಗಿಯೇ ಹೇಳಿದಳು. ನಾನು ನೋಡಿಯೇ ಇರಲಿಲ್ಲ. ನಾನು ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ.

ಆರನೇ ದಿನ ಸಾಲು 'ನನ್ನ ಮಗಳು' ಎನ್ನುವಲ್ಲಿಗೆ ನಿಂತಿತು. ಏಳನೇ ದಿನ ಬರೀ ಗೆರೆ. ನನ್ನನ್ನು ನೋಡಿ, "ಹನ್ನೆರಡನೇ ಮಹಡಿಯ ಹಾಸಿಗೆ ಬಟ್ಟೆ ಬಂತೇನಮ್ಮಾ?" ಎಂದು ಕೇಳಿದಳು. ಬಂತು ಎಂದೆ. ಅದು ಸುಳ್ಳು. ನನಗೆ ನೆನಪಿರುವ ಹಾಗೆ ಬೇಕೆಂದೇ ಹೇಳಿದ್ದು ಅದೊಂದೇ.

ಪಕ್ಕದಲ್ಲಿದ್ದ ಔಷಧ ಕೊಟ್ಟರು. ಒಂಬತ್ತನೇ ದಿನ ಸಾಲು ಪೂರ್ತಿ ಬಂತು. 'ಸಿಟ್ಟಿದೆ' ಎನ್ನುವಲ್ಲಿ ಒತ್ತಕ್ಷರ ಕೂಡ ಸರಿಯಾಗಿತ್ತು.

ಈಗ ನಿಮಗೆ ಬರೆಯಬೇಕೆಂದುಕೊಂಡ ವಿಷಯ. ಮೊನ್ನೆ ತಪಾಸಣೆಗೆಂದು ಅಮ್ಮನನ್ನು ಒಂದು ದಿನ ವಾರ್ಡಿನಲ್ಲಿ ಉಳಿಸಿಕೊಂಡಿದ್ದರು. ಪರದೆಯ ಆ ಕಡೆ ನಾಲ್ಕನೇ ನಂಬರು, ಒಬ್ಬ ಬಸ್ ಕಂಡಕ್ಟರು. ಮಾರನೇ ದಿನ ಅವರ ಸರದಿ. ಪರದೆ ಸರಿಸಿದರು.

"ಏನಕ್ಕಾ, ಹೇಗಿತ್ತು?"

ನಿಮ್ಮ ಪತ್ರವನ್ನು ಅಮ್ಮನಿಗೆ ನಾನು ಓದಿ ಹೇಳಿಲ್ಲ.

"ಕೆಟ್ಟದಾಗಿತ್ತು ಕಣಪ್ಪ" ಎಂದಳು ಅಮ್ಮ. "ಎರಡು ದಿನ ಇವಳು ಯಾರು ಅಂತ ನನಗೆ ಗೊತ್ತಾಗಲಿಲ್ಲ. ಚಳಿ ಹತ್ತಿದ ತಕ್ಷಣ ಕೂಗು. ಗಂಡಸು ಅಂತ ಹಲ್ಲು ಕಚ್ಕೊಂಡು ಕೂರಬೇಡ."

"ಹಾಗಾದ್ರೆ ಬೇಡ ಅಂತೀರಾ?"

"ಬೇಡ ಅಂದೆನಾ? ಕೂಗು ಅಂದೆ."

ಅವರು ಪರದೆಯ ಅಂಚು ಹಿಡಿದುಕೊಂಡೇ, "ಕೂಗೋದು ನಮಗೆ ಹೊಸದಲ್ಲ ಬಿಡಿ, ಇಪ್ಪತ್ತು ವರ್ಷದಿಂದ ಬಸ್ಸಲ್ಲಿ ಅದೇ ಕೆಲಸ" ಎಂದರು.

ಅಮ್ಮನ ರಕ್ತದಲ್ಲಿ ಈಗ ಕ್ಯಾನ್ಸರ್ ಕಾಣುತ್ತಿಲ್ಲ. ಕಾಣುತ್ತಿಲ್ಲ ಎಂದಷ್ಟೇ ಹೇಳಿದ್ದಾರೆ.

ಇಂತಿ,
ಫಾಲೋಅಪ್ ಟೇಬಲ್


ಜೂನ್ 11

ಮಗಳೇ,

ಪರದೆಯ ಭಾಗವನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ.

ನಿನ್ನ ತಾಯಿಗೆ ನಮಸ್ಕಾರ ಹೇಳು. ಯಾರು ಎಂದು ಕೇಳಿದರೆ ಲಿಫ್ಟಿನವನು ಎನ್ನು.

ಹನ್ನೊಂದು


ಆಗಸ್ಟ್ 30

ಮಗಳೇ,

ಎರಡೂವರೆ ತಿಂಗಳಾಯಿತು. ನಿನ್ನಿಂದ ಏನೂ ಬಂದಿಲ್ಲ. ನಿಮ್ಮ ಆಸ್ಪತ್ರೆ ನನ್ನ ಉತ್ತರಕ್ಕೆ ಹದಿನೆಂಟು ವರ್ಷ ಕಾದಿತು, ನನಗೆ ಕೇಳುವ ಹಕ್ಕಿಲ್ಲ. ಆದರೂ ಟಪಾಲಿನವನ ಸೈಕಲ್ ಸದ್ದಾದಾಗ ಬಾಗಿಲಿಗೆ ಬರುತ್ತೇನೆ.

ಅಮ್ಮ ಹೇಗಿದ್ದಾರೆ?

ಹನ್ನೊಂದು


ಸೆಪ್ಟೆಂಬರ್ 14

ಮೇಸ್ತ್ರಿಗಳಿಗೆ,

ಅಮ್ಮ ಆಗಸ್ಟ್ ಹತ್ತೊಂಬತ್ತಕ್ಕೆ ತೀರಿಕೊಂಡಳು.

ಜ್ವರದಿಂದಲ್ಲ, ಔಷಧದಿಂದಲ್ಲ. ಜುಲೈ ಕೊನೆಗೆ ರೋಗ ಮರಳಿ ಬಂತು. ಕಣಗಳು ಮೂರು ತಿಂಗಳು ಹಿಡಿದು ನಿಲ್ಲಿಸಿದ್ದವು, ಆಮೇಲೆ ಅವೇ ಇಲ್ಲವಾದವು. ಆ ಮೂರು ತಿಂಗಳಲ್ಲಿ ಅವಳು ಲಾಂಡ್ರಿಗೆ ಎರಡು ಸಲ ಹೋಗಿ ಬಂದಳು, ಹೊಸಬಳೊಬ್ಬಳು ಕಾಲರ್ ಸುಟ್ಟಳೆಂದು ಬೈದು ಬಂದಳು.

ಡಾಕ್ಟರಮ್ಮನನ್ನು ಕೇಳಿದೆ: ಆರು ವಾರ ಮೊದಲೇ ಕೊಟ್ಟಿದ್ದರೆ? ಅವರು ನನ್ನನ್ನೇ ನೋಡುತ್ತಾ, "ಗೊತ್ತಿಲ್ಲ" ಎಂದರು. ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಹೇಳಬಹುದಿತ್ತು, ನಾನು ನಂಬುತ್ತಿದ್ದೆ. ನಿಮಗೂ ಅದನ್ನೇ ಬರೆಯುತ್ತಿದ್ದೇನೆ. ಗೊತ್ತಿಲ್ಲ. ಇದನ್ನು ಇಬ್ಬರೂ ಇಟ್ಟುಕೊಳ್ಳಬೇಕು.

ಕಂಡಕ್ಟರು ಮೂರನೇ ದಿನವೇ ವಾರ್ಡೆಲ್ಲ ಕೇಳುವ ಹಾಗೆ ಕೂಗಿದರಂತೆ. ಈಗ ಓಡಾಡಿಕೊಂಡಿದ್ದಾರೆ. ಐದನೆಯವರಿಗೂ ಕೊಟ್ಟಾಯಿತು.

ಕಳೆದ ವಾರ ಮನೆಗೆ ಒಂದು ಲಕೋಟೆ ಬಂತು. 'ಮೂರನೇ ನಂಬರಿನವರಿಗೆ, ನಮಸ್ಕಾರ, ನೀವು ಹೇಗಿದ್ದೀರಿ ಎಂದು ತಿಳಿಯಲು ಈ ಪತ್ರ.' ನಾನೇ ಬರೆದುಕೊಟ್ಟ ಪತ್ರ. ಹೊಸ ಟ್ರಯಲ್ಲಿನವರಿಗೂ ಅದೇ ಹೋಗುತ್ತದೆ. ಪಟ್ಟಿಯಿಂದ ತೆಗೆಯುವುದು ಯಾರಿಗೋ ಮರೆತಿತ್ತು. ನಾಲ್ಕು ಪ್ರಶ್ನೆ. ಕೊನೆಯದರ ಮುಂದೆ ಅಮ್ಮ ಮೊದಲೇ ಕೊಟ್ಟಿದ್ದ ಹೆಸರು ಅಚ್ಚಾಗಿತ್ತು, ನನ್ನದು. ಕೂತು ತುಂಬಿದೆ.

ಅವಳ ನೋಟ್‌ಬುಕ್ಕು ಫೈಲಿಗೆ ಸೇರುತ್ತದೆ. ಹಿರಿಯಕ್ಕ ಜೆರಾಕ್ಸ್ ಮಾಡಿಸಿಕೊಟ್ಟರು. ಅವಳಿಗೆ ನನ್ನ ಮೇಲೆ ಸಿಟ್ಟಿದೆ ಎಂದು ಅವಳದೇ ಅಕ್ಷರದಲ್ಲಿ ಹನ್ನೊಂದು ಸಲ ಇದೆ. ಸಾಯಂಕಾಲ ಕೆಲಸ ಮುಗಿಸಿ ಬಂದು ಒಂದೊಂದನ್ನೂ ನೋಡುತ್ತೇನೆ. ಆರನೇ ದಿನದ್ದೇ ಹೆಚ್ಚು ಹೊತ್ತು ನೋಡುವುದು.

ಇಂತಿ,
ಟೇಬಲ್ಲಿನ ಹುಡುಗಿ


ಜನವರಿ 9

ಹನ್ನೊಂದನೇ ನಂಬರಿನವರಿಗೆ,

ನಮಸ್ಕಾರ. ವರ್ಷವಾಯಿತು. ಈ ಸಲ ಲಕೋಟೆಯ ಮೇಲೆ ಮುದ್ರೆ ಒತ್ತಿದ್ದೇನೆ, ಒಡೆಯುತ್ತೀರಿ ಎಂದು ಗೊತ್ತು. ಫಾರಂ ಇದೆ.

ಈ ಕೆಲಸ ಬಿಡಬೇಕು ಅನಿಸಿತ್ತು. ಬಿಟ್ಟಿಲ್ಲ. ಇಷ್ಟು ದಿನ ಒಂದೇ ಕಡೆ ನಾನು ಕೂತದ್ದು ಇದೇ ಮೊದಲು.

ಇಂತಿ,
ಫಾಲೋಅಪ್ ಟೇಬಲ್, ಎರಡನೇ ಮಹಡಿ


ಜನವರಿ 15

ಮಗಳೇ,

ಫಾರಂ ತುಂಬಿದ್ದೇನೆ. ನಿನ್ನ ಕಣ್ಣಿಗೆ ಮೊದಲು ಬೀಳಲಿ ಎಂದು ಇಲ್ಲೂ ಬರೆಯುತ್ತೇನೆ.

ಆರೋಗ್ಯ: ಮೆಟ್ಟಿಲು ಹತ್ತಿದರೆ ಏದುಸಿರು. ಹಾಗಾಗಿ ಲಿಫ್ಟ್ ಹತ್ತುತ್ತೇನೆ, ಬ್ರೇಕಿನ ಸದ್ದು ಕೇಳಿಕೊಂಡು.

ಹೊಸ ಕಾಯಿಲೆ: ಗೊತ್ತಿಲ್ಲ. ತೋರಿಸಲು ಬುಧವಾರ ನಿಮ್ಮಲ್ಲಿಗೇ ಬರುತ್ತೇನೆ. ಡಾಕ್ಟರಮ್ಮನ ಮುಖವನ್ನೂ ಒಮ್ಮೆ ನೋಡಬೇಕು.

ನಾನು ಸಿಗದಿದ್ದರೆ ಕೇಳಬೇಕಾದವರು: ನಿನ್ನನ್ನು ಬರೆದಿದ್ದೇನೆ. ಆಫೀಸಿನವರ ಹೆಸರು ಹಾಕಬಾರದೆಂದು ನಿಯಮವಿದ್ದರೆ ಹೊಡೆದು ಹಾಕು, ಖಾಲಿಯೇ ಇರಲಿ. ಬೇರೆ ಹೆಸರು ಇಲ್ಲ.

ಜ್ವರ: ಈಗಷ್ಟೇ ನೋಡಿದೆ, ಬೆಳಿಗ್ಗೆ ಎಂಟೂಕಾಲು. ನೂರು ಪಾಯಿಂಟ್ ಎರಡು. ಅದಕ್ಕೆ ಮುಂಚೆ ಏನೂ ಕುಡಿದಿಲ್ಲ.

ಹನ್ನೊಂದು